ನಲವತ್ತೆರಡು ಚೀಲ ಹೋದರೆ ಒಂದು ಚೀಲ ವಾಪಸು ಬರಬೇಕು

ಪ್ರಶ್ನೆ: ನಾನು ಚಳ್ಳಕೆರೆ ಕಡೆಯವನು. ಕನ್ನಡದಲ್ಲಿ ಒಂದು ವೈಜ್ಞಾನಿಕ ಕಾದಂಬರಿ ಬರೆಯುತ್ತಿದ್ದೇನೆ. ಚಿತ್ರದುರ್ಗ, ದಾವಣಗೆರೆಯಿಂದ ಹೋದ ಒಕ್ಕಲುತನದವರು ‘ಎರೆಗೋಳ’ ಎಂಬ ಗ್ರಹದಲ್ಲಿ ನೆಲೆ ನಿಂತಿದ್ದಾರೆ. ಅಲ್ಲಿ ಉಸಿರಾಡುವ ಗಾಳಿ ಇದೆ. ಗುರುತ್ವ ಭೂಮಿಯ 0.6 ಪಾಲು, ಹಗಲು ರಾತ್ರಿ ಸೇರಿ 60 ಗಂಟೆ, ವರ್ಷವಿಡೀ ಒಂದೇ ಹವೆ. ಬೆಳೆದ ಮೆಕ್ಕೆಜೋಳ, ರಾಗಿ, ಶೇಂಗಾ ಎಲ್ಲ ದೂರದ ಗಣಿ ಊರುಗಳ 10 ಕೋಟಿ ಜನರಿಗೆ ಹೋಗುತ್ತದೆ. ಮೂರನೇ ತಲೆಮಾರಿನಲ್ಲಿ ಇಳುವರಿ ಕುಸಿಯಬೇಕು. ವಿಷದ ಮಳೆ ಬಂತು ಎಂದು ಬರೆದಿದ್ದೆ, ಓದಿದವರು ನಂಬಲಿಲ್ಲ. ನಂಬುವಂಥ ಕಾರಣ ಯಾವುದು? ಉಳಿದ ವಿವರಗಳು ಸರಿ ಇವೆಯೇ?

ಉತ್ತರ: ವಿಷದ ಮಳೆ ಬೇಡ, ಹೊಸ ಹುಳವೂ ಬೇಡ. ನಿಮ್ಮ ಕಥೆಯಲ್ಲೇ ಕಾರಣ ಕೂತಿದೆ. ಮೂರು ತಲೆಮಾರು ಕಾಲ ಒಂದು ನೆಲದಿಂದ ಧಾನ್ಯ ಹೊರಗೆ ಹೋಗುತ್ತಲೇ ಇದೆ, ತಿಂದವರ ಕಡೆಯಿಂದ ನೆಲಕ್ಕೆ ಏನೂ ಮರಳುತ್ತಿಲ್ಲ. ಖಾಲಿಯಾಗುವುದು ರಂಜಕ.

ನಮ್ಮ ಕಡೆಯವರಿಗೆ ಬೆಳೆ ಹೋಯಿತು ಎಂದರೆ ಮೊದಲು ನೆನಪಾಗುವುದು ನೀರು. ಅದನ್ನು ಮೊದಲೇ ಲೆಕ್ಕ ಹಾಕಿ ಬದಿಗಿಡೋಣ. ಒಂದು ಎಕರೆಯಲ್ಲಿ 1 ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರ್. ಮೆಕ್ಕೆಜೋಳದ ಒಂದು ಬೆಳೆಗೆ 500 ಮಿ.ಮೀ. ಹಿಡಿದರೆ 20 ಲಕ್ಷ ಲೀಟರ್ ಆಯಿತು. ಆದರೆ ಈ ನೀರು ಎಲೆಯಿಂದ ಆವಿಯಾಗಿ ಅದೇ ಗ್ರಹದ ಗಾಳಿಗೆ ಸೇರುತ್ತದೆ, ಮತ್ತೆಲ್ಲೋ ಮಳೆಯಾಗುತ್ತದೆ. ಹಡಗು ಹತ್ತುವುದು ಕಾಳಿನೊಳಗಿನ ತೇವ ಮಾತ್ರ. ಶೇಕಡಾ 12 ತೇವ ಇರುವ ಒಂದು ಟನ್ ಕಾಳಿನಲ್ಲಿ 120 ಲೀಟರ್. ಇಷ್ಟಕ್ಕೆ ಗ್ರಹ ಬತ್ತುವುದಿಲ್ಲ. ಸಾರಜನಕವೂ ಮುಗಿಯುವುದಿಲ್ಲ. ಗಾಳಿಯಲ್ಲಿ ಅದು ಇದ್ದರೆ ಶೇಂಗಾ, ಹುರುಳಿ, ಅಲಸಂದೆಯ ಬೇರಿನ ಗಂಟುಗಳು ಎಳೆದುಕೊಳ್ಳುತ್ತವೆ. ರಂಜಕಕ್ಕೆ ಮಾತ್ರ ಗಾಳಿಯ ದಾರಿ ಇಲ್ಲ. ಅದು ಕಲ್ಲಿನಿಂದ ಬರಬೇಕು, ಇಲ್ಲವೇ ತಿಂದವರ ಮಲಮೂತ್ರ, ಮೂಳೆಯಿಂದ ಬರಬೇಕು.

ಒಂದು ಟನ್ ಮೆಕ್ಕೆಜೋಳದ ಕಾಳಿನಲ್ಲಿ ಸುಮಾರು 15 ಕೆ.ಜಿ. ಸಾರಜನಕ, 3 ಕೆ.ಜಿ. ರಂಜಕ, 4 ಕೆ.ಜಿ. ಪೊಟ್ಯಾಷ್ ಇರುತ್ತದೆ. ಎಕರೆಗೆ ವರ್ಷಕ್ಕೆ ಎರಡು ಬೆಳೆ, ಒಟ್ಟು 5 ಟನ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ 15 ಕೆ.ಜಿ. ರಂಜಕ ಹೊಲ ಬಿಟ್ಟು ಹೋಯಿತು. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ತೂಗಿದರೆ 9 ಲಕ್ಷ ಕೆ.ಜಿ. ಅದರಲ್ಲಿ ಶೇಕಡಾ 0.05 ರಂಜಕವೆಂದರೆ 450 ಕೆ.ಜಿ. ಭಾಗಿಸಿದರೆ 30 ವರ್ಷಕ್ಕೆ ಮುಗಿಯಬೇಕು, ಆದರೆ ಹೊಲ ಅಷ್ಟು ದಿನ ಕಾಯುವುದಿಲ್ಲ. ಆ 450 ಕೆ.ಜಿ.ಯಲ್ಲಿ ಬಹುಪಾಲು ಕಬ್ಬಿಣ, ಅಲ್ಯುಮಿನಿಯಂ, ಸುಣ್ಣದ ಜೊತೆ ಕಚ್ಚಿಕೊಂಡಿರುತ್ತದೆ. ಯಾವುದೇ ಹೊತ್ತಿನಲ್ಲಿ ಬೇರಿಗೆ ಸಿಗುವುದು ಅದರ ಒಂದು ಸಣ್ಣ ಪಾಲು. ಕಬ್ಬಿಣ ಹೆಚ್ಚಿರುವ ಲಾವಾ ಕಲ್ಲಿನ ಮಣ್ಣಾದರೆ ಹಿಡಿತ ಇನ್ನೂ ಬಿಗಿ. ಹಾಗಾಗಿ ಹೊರಗಿನಿಂದ ಬರುವುದು ನಿಂತ ಮೇಲೆ ಹಳೆಯ ಗೊಬ್ಬರದ ಶೇಷದಲ್ಲಿ ಹತ್ತು ಹದಿನೈದು ವರ್ಷ ದೂಡಬಹುದು. ಆಮೇಲೆ ಇಳುವರಿ ವರ್ಷವರ್ಷಕ್ಕೂ ಜಾರುತ್ತದೆ.

ಇದರ ಚಿಕ್ಕ ರೂಪ ನಿಮ್ಮ ಪಕ್ಕದಲ್ಲೇ ಇದೆ. ದಾವಣಗೆರೆಯ ಮೆಕ್ಕೆಜೋಳ ಲಾರಿ ಹತ್ತಿ ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ ಹೋಗುತ್ತದೆ, ಆ ಕೋಳಿಯ ಗೊಬ್ಬರ ಅದೇ ಹೊಲಕ್ಕೆ ಮರಳುವುದು ಕಡಿಮೆ. ಆ ಜಾಗ ತುಂಬುವುದು ಡಿಎಪಿ ಗೊಬ್ಬರದ ಚೀಲ. 50 ಕೆ.ಜಿ. ಚೀಲದ ಮೇಲೆ ಬರೆದ 46 ಎಂಬುದು ರಂಜಕದ ಆಕ್ಸೈಡಿನ ಶೇಕಡಾವಾರು ಲೆಕ್ಕ, ಅಂದರೆ ಚೀಲದಲ್ಲಿ 23 ಕೆ.ಜಿ. ಅದನ್ನು 0.44ರಿಂದ ಗುಣಿಸಿದರೆ ಚೀಲದಲ್ಲಿರುವ ನಿಜವಾದ ರಂಜಕ 10 ಕೆ.ಜಿ. ಅಂದರೆ ಒಂದು ಚೀಲ ಸುಮಾರು 33 ಕ್ವಿಂಟಲ್ ಕಾಳಿನ ಸಾಲ ತೀರಿಸುತ್ತದೆ. ಆ ಚೀಲದ ಮೂಲ ಕಲ್ಲು ಬಹುಮಟ್ಟಿಗೆ ಮೊರಾಕ್ಕೊ, ಜೋರ್ಡಾನ್‌ನಂಥ ದೇಶಗಳದು. ಹಡಗು ಬರುವುದು ತಡವಾದರೆ ಬಿತ್ತನೆಯ ಹೊತ್ತಿಗೆ ಅಂಗಡಿ ಮುಂದೆ ಸಾಲು ನಿಲ್ಲುವುದನ್ನು ನೀವು ನೋಡಿಯೇ ಇರುತ್ತೀರಿ. ಅದಕ್ಕಿಂತ ಹಳೆಯ ಏರ್ಪಾಡೂ ನಿಮ್ಮ ತಾಲ್ಲೂಕಿನಲ್ಲಿದೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ಮಂದೆ ತರುಬಿಸಿ ಕುರಿಗಾರರಿಗೆ ಕಾಳು ಕೊಡುವುದು, ಬೇಸಿಗೆಯಲ್ಲಿ ಕೆರೆಗೋಡು, ಅಂದರೆ ಕೆರೆಯ ಹೂಳು, ಹೊಲಕ್ಕೆ ಹೊಡೆಯುವುದು. ಎರಡೂ ಹೋದದ್ದನ್ನು ಮರಳಿ ತರುವ ಕೆಲಸ. ನಿಮ್ಮ ಮೊದಲ ತಲೆಮಾರಿನವರು ಇದನ್ನು ಚೆನ್ನಾಗಿ ಬಲ್ಲವರು. ಆದ್ದರಿಂದ ಹಡಗಿನವರ ಜೊತೆ ಮಾಡಿಕೊಂಡ ಮೊದಲ ಕರಾರಿನಲ್ಲೇ ವಾಪಸು ಗೊಬ್ಬರದ ಷರತ್ತು ಇರಲಿ.

ಷರತ್ತಿನ ಅಂಕಿ ಹೀಗೆ. ಮೂತ್ರದ ನೀರಿಗೆ ಮೆಗ್ನೀಸಿಯಂ ಬೆರೆಸಿ ಕ್ಷಾರ ಏರಿಸಿದರೆ ಬಿಳಿ ಹರಳು ತಳ ಸೇರುತ್ತದೆ. ಹೆಸರು ಸ್ಟ್ರುವೈಟ್. ಅದರಲ್ಲಿ ಶೇಕಡಾ 12.6 ರಂಜಕ, 5.7 ಸಾರಜನಕ. ಭೂಮಿಯ ಹಲವು ಕೊಳಚೆ ನೀರಿನ ಘಟಕಗಳಲ್ಲಿ ಇದನ್ನು ಈಗಾಗಲೇ ಗೊಬ್ಬರವಾಗಿ ತೆಗೆಯುತ್ತಾರೆ. ಒಂದು ಟನ್ ಮೆಕ್ಕೆಜೋಳದ 3 ಕೆ.ಜಿ. ರಂಜಕ ಮರಳಬೇಕಾದರೆ 24 ಕೆ.ಜಿ. ಸ್ಟ್ರುವೈಟ್ ಬೇಕು. ಅಂದರೆ 42 ಚೀಲ ಕಾಳು ಹೋದರೆ ಅಷ್ಟೇ ತೂಕದ ಒಂದು ಚೀಲ ಹರಳು ವಾಪಸು. ಇದು ಬಹಳ ಸಣ್ಣ ಸಾಗಣೆ, ಹಡಗು ಹೇಗೂ ಖಾಲಿ ಮರಳುತ್ತದೆ. ಇಷ್ಟು ಸಣ್ಣದನ್ನು ಯಾಕೆ ನಿಲ್ಲಿಸಿದರು ಎಂಬುದೇ ನಿಮ್ಮ ಕಾದಂಬರಿಯ ತಿರುಳಾಗಬೇಕು ಎಂದು ನಮಗೆ ಅನಿಸುತ್ತದೆ. ನಂಬುವಂಥ ಕಾರಣ ಎರಡು ಇವೆ. ಗಣಿ ಊರಿನವರು ತಮ್ಮ ತರಕಾರಿ ತೊಟ್ಟಿಗಳಿಗೆ ಅದೇ ಹರಳನ್ನು ಉಳಿಸಿಕೊಳ್ಳಲು ಶುರು ಮಾಡಿರಬಹುದು. ಇಲ್ಲವೇ ಖಾಲಿ ಹಡಗಿನಲ್ಲಿ ಯಂತ್ರದ ಬಿಡಿಭಾಗ ತಂದರೆ ಹೆಚ್ಚು ಬಾಡಿಗೆ ಸಿಕ್ಕಿ, ಎರೆಗೋಳದ ಎರಡನೇ ತಲೆಮಾರಿನವರೇ ಅದಕ್ಕೆ ಒಪ್ಪಿರಬಹುದು. ಎರಡನೆಯದು ಹೆಚ್ಚು ನೋಯಿಸುತ್ತದೆ. ಆಗ ತಪ್ಪು ಹೊರಗಿನವರ ತಲೆಗೆ ಮಾತ್ರ ಹೋಗುವುದಿಲ್ಲ. ವಾಪಸು ಚೀಲ 50ನೇ ವರ್ಷಕ್ಕೆ ನಿಂತರೆ ಕುಸಿತ 62, 65ರ ಸುಮಾರಿಗೆ ಕಣ್ಣಿಗೆ ಬೀಳುತ್ತದೆ. ಅದು ಸರಿಯಾಗಿ ಮೂರನೇ ತಲೆಮಾರು.

ಕಣ್ಣಿಗೆ ಬೀಳುವುದು ಹೇಗೆ? ರಂಜಕ ಕಡಿಮೆಯಾದ ಮೆಕ್ಕೆಜೋಳದ ಕೆಳಗಿನ ಹಳೆಯ ಎಲೆ ತುದಿಯಿಂದ, ಅಂಚಿನಿಂದ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಗಿಡ ಕುಳ್ಳಾಗುತ್ತದೆ, ಸೂಲಂಗಿ ತಡವಾಗುತ್ತದೆ, ತೆನೆ ಚಿಕ್ಕದಾಗಿ ಕಾಳಿನ ಸಾಲು ಸೊಟ್ಟಗಾಗುತ್ತದೆ. ಆದರೆ ಇದೇ ನೇರಳೆ ಬಣ್ಣ ಚಳಿಗೂ ಬರುತ್ತದೆ. ಮಣ್ಣು ತಣ್ಣಗಿದ್ದರೆ ಎಳೆ ಬೇರು ಇರುವ ರಂಜಕವನ್ನೂ ಹೀರಲಾರದು. ಬಿಸಿಲು ಏರಿ ಮಣ್ಣು ಬೆಚ್ಚಗಾದರೆ ಗಿಡ ಹಸಿರಿಗೆ ಮರಳುತ್ತದೆ. ನಿಮ್ಮ ಗ್ರಹದ ರಾತ್ರಿ ಉದ್ದ, ಚಳಿ ಹೆಚ್ಚು. ಹಾಗಾಗಿ ಹಿರಿಯರು ಹಲವು ವರ್ಷ “ಚಳಿ ಬಡಿದಿದೆ, ಬಿಸಿಲು ಬಂದರೆ ಸರಿಹೋಗುತ್ತೆ” ಅನ್ನುತ್ತಾರೆ. ಅವರ ಅನುಭವದಲ್ಲಿ ಅದು ಸುಳ್ಳೂ ಅಲ್ಲ. ಆರೇಳು ಎಲೆ ದಾಟಿದ ಮೇಲೂ ನೇರಳೆ ಉಳಿಯಿತೇ ಎಂದು ನೋಡುವವರು ಬೇಕು. ಈ ತಪ್ಪು ಗುರುತಿಸುವಿಕೆಗೆ ಎರಡು ಮೂರು ಅಧ್ಯಾಯ ಕೊಟ್ಟರೂ ಹೆಚ್ಚಲ್ಲ.

ಇನ್ನು ಗ್ರಹದ ಅಳತೆ. 10 ಕೋಟಿ ಜನಕ್ಕೆ ತಲೆಗೆ ವರ್ಷಕ್ಕೆ 250 ಕೆ.ಜಿ. ಧಾನ್ಯ ಹಿಡಿದರೆ 2.5 ಕೋಟಿ ಟನ್. ಎಕರೆಗೆ ವರ್ಷಕ್ಕೆ 4 ಟನ್ ಸರಾಸರಿ ಎಂದರೆ ಸುಮಾರು 62 ಲಕ್ಷ ಎಕರೆ, ಅಂದರೆ 25,000 ಚದರ ಕಿ.ಮೀ. ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆ ಸೇರಿದರೆ ಅದರ ಅರ್ಧದಷ್ಟಾಗುತ್ತದೆ. ಎಣ್ಣೆಕಾಳು, ಮೇವು, ಬೀಳು ಬಿಡುವ ನೆಲ ಎಲ್ಲ ಸೇರಿಸಿ ಮೂರು ಪಟ್ಟು ಮಾಡಿದರೂ ಕರ್ನಾಟಕದ ಅರ್ಧ ಸಾಕು. ನಿಮ್ಮ ಗ್ರಹದ ಸಾಂದ್ರತೆ ಭೂಮಿಯದೇ ಎಂದರೆ 0.6 ಗುರುತ್ವಕ್ಕೆ ಅದರ ಅಡ್ಡಳತೆಯೂ ಭೂಮಿಯ 0.6 ಪಾಲಾಗಿ, ಮೇಲ್ಮೈ 18 ಕೋಟಿ ಚದರ ಕಿ.ಮೀ. ಬರುತ್ತದೆ. ಇಡೀ ಗ್ರಹ ಹಸಿರಾಗಿದೆ ಎಂದು ಬರೆದರೆ ಲೆಕ್ಕ ಕೂಡುವುದಿಲ್ಲ. ಒಂದು ನದಿ ಕೊಳ್ಳದಲ್ಲಿ ಹಸಿರು, ಸುತ್ತ ಸಾವಿರಾರು ಮೈಲಿ ಬರಿಗಲ್ಲು ಎಂದು ಬರೆಯಿರಿ. ಆ ಒಂಟಿತನ ಕಥೆಗೂ ಒಳ್ಳೆಯದು.

ಗಣಿ ಊರಿನವರು ತಮ್ಮಲ್ಲೇ ದೀಪದ ಕೆಳಗೆ ಬೆಳೆದುಕೊಳ್ಳಬಾರದೇಕೆ ಎಂದು ಬುದ್ಧಿವಂತ ಓದುಗ ಕೇಳಿಯೇ ಕೇಳುತ್ತಾನೆ. ಒಂದು ಕೆ.ಜಿ. ಕಾಳಿನಲ್ಲಿ ಸುಮಾರು 15 ಮೆಗಾಜೌಲ್ ಶಕ್ತಿ ಇದೆ. ಎಲ್‌ಇಡಿ ದೀಪ ವಿದ್ಯುತ್ತಿನ ಅರ್ಧವನ್ನು ಬೆಳಕು ಮಾಡುತ್ತದೆ, ಗಿಡ ಆ ಬೆಳಕಿನ ಶೇಕಡಾ 2ರಿಂದ 3ನ್ನು ಕಾಳಿಗೆ ಇಳಿಸುತ್ತದೆ. ಹಾಗಾಗಿ ದೀಪದ ಕೆಳಗೆ ಒಂದು ಕೆ.ಜಿ.ಗೆ 1,200 ಮೆಗಾಜೌಲ್ ವಿದ್ಯುತ್ ಬೇಕು. ಎರೆಗೋಳದಿಂದ ತಪ್ಪಿಸಿಕೊಂಡು ಹೋಗುವ ವೇಗ ಸೆಕೆಂಡಿಗೆ 6.7 ಕಿ.ಮೀ. ಒಂದು ಕೆ.ಜಿ.ಗೆ ಅಷ್ಟು ವೇಗ ಕೊಡಲು ಕನಿಷ್ಠ 23 ಮೆಗಾಜೌಲ್ ಸಾಕು. ರಾಕೆಟ್ಟು ಅದರ ಇಪ್ಪತ್ತು ಪಟ್ಟು ಸುಟ್ಟರೂ ದೀಪಕ್ಕಿಂತ ಅಗ್ಗ. ಈ ಲೆಕ್ಕ ನಿಲ್ಲಬೇಕಾದರೆ ಗಣಿ ಊರುಗಳು ತಮ್ಮ ನಕ್ಷತ್ರದಿಂದ ಬಹಳ ದೂರ ಇರಬೇಕು. ನಮ್ಮ ಸೌರಮಂಡಲದಲ್ಲಿ ಗುರುಗ್ರಹದ ಬಳಿ ಬಿಸಿಲು ಭೂಮಿಯ 27ನೇ ಒಂದು ಪಾಲು, ಶನಿಯ ಬಳಿ ಸುಮಾರು 90ನೇ ಒಂದು ಪಾಲು. ಅಂಥ ಕತ್ತಲ ಜಾಗಕ್ಕೆ ಬಿಸಿಲನ್ನು ಕಾಳಿನಲ್ಲಿ ತುಂಬಿ ಕಳಿಸುವುದೇ ಎರೆಗೋಳದ ವ್ಯಾಪಾರ.

60 ಗಂಟೆಯ ದಿನವನ್ನು ದಯವಿಟ್ಟು ಬದಲಿಸಿ. ಗಿಡ ಹಗಲು ಕೂಡಿಟ್ಟ ಪಿಷ್ಟವನ್ನು ರಾತ್ರಿಯ ಉದ್ದಕ್ಕೆ ತಕ್ಕಂತೆ ಅಳೆದು ಖರ್ಚು ಮಾಡುತ್ತದೆ, ಬೆಳಗಾಗುವ ಹೊತ್ತಿಗೆ ಉಗ್ರಾಣ ಬಹುತೇಕ ಖಾಲಿ. ರಾತ್ರಿ ಏಕಾಏಕಿ 30 ಗಂಟೆಯಾದರೆ ಅದು ಹಸಿಯುತ್ತದೆ. ಹೂವಿನ ಲೆಕ್ಕ ಇನ್ನೂ ಸೂಕ್ಷ್ಮ. ನಂದಾ ಮತ್ತು ಹ್ಯಾಮ್ನರ್ ಎಂಬ ವಿಜ್ಞಾನಿಗಳು 1950ರ ದಶಕದಲ್ಲಿ ಬೈಲಾಕ್ಸಿ ಎಂಬ ಸೋಯಾ ತಳಿಗೆ 8 ಗಂಟೆ ಬೆಳಕು ಕೊಟ್ಟು ಕತ್ತಲನ್ನು ಹಿಗ್ಗಿಸುತ್ತಾ ಹೋದರು. ಒಟ್ಟು ಸುತ್ತು 24, 48, 72 ಗಂಟೆಯ ಹತ್ತಿರ ಬಂದಾಗ ಹೂ ಹೆಚ್ಚಾಯಿತು, 36 ಮತ್ತು 60ರ ಹತ್ತಿರ ಕುಗ್ಗಿತು. ಗಿಡದೊಳಗಿನ ಗಡಿಯಾರ 24ರ ಮಡಿಕೆಯಲ್ಲಿ ಎಣಿಸುತ್ತದೆ. ನೀವು ಆರಿಸಿದ್ದು ಕೆಟ್ಟ ಅಂಕಿಗಳಲ್ಲೊಂದು. 48 ಮಾಡಿ, 24 ಗಂಟೆ ಬಿಸಿಲು, 24 ಗಂಟೆ ಕತ್ತಲು. ಆಗಲೂ ಮೊದಲ ದಶಕಗಳಲ್ಲಿ ತಳಿ ಆಯ್ಕೆ ನಡೆಯಲೇಬೇಕು, ವರ್ಷಕ್ಕೆ ಎರಡು ಮೂರು ಪೀಳಿಗೆ ತೆಗೆದು ಉಳಿದ ಗಿಡದ ಬೀಜವನ್ನೇ ಬಿತ್ತುತ್ತಾ ಬರಬೇಕು. ಜನ ಒಂದು ದಿನದಲ್ಲಿ ಎರಡು ಸಲ ಮಲಗುತ್ತಾರೆ, ಒಂದು ನಿದ್ದೆ ಬೆಳಕಿನಲ್ಲಿ. ಉದ್ದ ರಾತ್ರಿಯ ಇನ್ನೊಂದು ಪೆಟ್ಟು ಇಬ್ಬನಿ. ಎಲೆ ಹತ್ತು ಹನ್ನೆರಡು ಗಂಟೆ ಒದ್ದೆ ಇದ್ದರೆ ರಾಗಿಗೆ ಬೆಂಕಿ ರೋಗ ಹತ್ತುತ್ತದೆ. ಆ ಶಿಲೀಂಧ್ರ ಬೀಜದ ಜೊತೆಯೇ ಪ್ರಯಾಣ ಮಾಡಿರುತ್ತದೆ.

ವರ್ಷವಿಡೀ ಒಂದೇ ಹವೆ ಎಂಬುದೂ ಕಷ್ಟ. ಅಚ್ಚು ವಾಲದ ಗ್ರಹದಲ್ಲಿ ಋತು ಇರುವುದಿಲ್ಲ, ನಿಜ. ಆದರೆ ಕಟಾವಿಗೆ ಒಣ ಹವೆ ಬೇಕು. ಮೆಕ್ಕೆಜೋಳವನ್ನು ಶೇಕಡಾ 12 ತೇವಕ್ಕೆ, ಶೇಂಗಾವನ್ನು 8ರಿಂದ 9ಕ್ಕೆ ಇಳಿಸದಿದ್ದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ, ಹಡಗಿನ ಉಗ್ರಾಣದಲ್ಲಿ ತಿಂಗಳುಗಟ್ಟಲೆ ಅದು ನಿಲ್ಲುವುದಿಲ್ಲ. ಹಾಗಾಗಿ 15, 20 ಡಿಗ್ರಿ ವಾಲು ಕೊಡಿ, ಭೂಮಿಯದು 23.4. ಮಳೆಗಾಲ ಬಂದರೆ ಮಳೆಯ ಹೆಸರುಗಳೂ ಬರುತ್ತವೆ. ನಮ್ಮ ಮಹಾನಕ್ಷತ್ರಗಳು ಸೂರ್ಯ ಆಕಾಶದ 27 ಪಾಲುಗಳನ್ನು ದಾಟುವ ಲೆಕ್ಕ, ಒಂದೊಂದಕ್ಕೆ 13 ಅಥವಾ 14 ದಿನ. ಆ ಆಕಾಶ ಬೇರೆ, ಅಲ್ಲಿ ಆರಿದ್ರೆಯ ಚುಕ್ಕಿ ಸೂರ್ಯನ ದಾರಿಯಲ್ಲಿ ಇರುವುದಿಲ್ಲ. ಆದರೂ “ಆದರೆ ಆರಿದ್ರ, ಆಗದಿದ್ರೆ ದರಿದ್ರ” ಎಂದು ಬಾಯಲ್ಲಿಟ್ಟುಕೊಂಡು ಹೋದವರು ತಮ್ಮ ಹೊಸ ವರ್ಷವನ್ನು 27 ಭಾಗ ಮಾಡಿ ಹಳೆಯ ಹೆಸರನ್ನೇ ಇಡುತ್ತಾರೆ, ಅದರಲ್ಲಿ ಅನುಮಾನವಿಲ್ಲ.

ಮಣ್ಣು ಎಲ್ಲಿಂದ ಬಂತು ಎಂಬುದನ್ನು ನೀವು ಬರೆದೇ ಇಲ್ಲ. ಉಸಿರಾಡುವ ಗಾಳಿ ಇದೆ ಎಂದರೆ ಅಲ್ಲಿನ ಕಡಲಲ್ಲಿ ಬಿಸಿಲು ತಿನ್ನುವ ಸೂಕ್ಷ್ಮಜೀವಿ ಇದೆ ಎಂದರ್ಥ. ನೆಲದ ಮೇಲೆ ಗಿಡವಿಲ್ಲದಿದ್ದರೆ ಮಣ್ಣಿಲ್ಲ, ಕಲ್ಲು ಮತ್ತು ದೂಳು ಅಷ್ಟೇ. ಅಂಥ ನೆಲ ಹೇಗಿರುತ್ತದೆ ಎಂದು ನೋಡಬೇಕಾದರೆ ನಿಮ್ಮ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಿ ಬನ್ನಿ. ಸುಮಾರು 250 ಕೋಟಿ ವರ್ಷದ ಹಿಂದೆ ಕಡಲಡಿಯಲ್ಲಿ ಉಕ್ಕಿದ ಲಾವಾ ದಿಂಬುಗಳ ರಾಶಿಯಂತೆ ಅಲ್ಲಿ ಗಟ್ಟಿಯಾಗಿ ನಿಂತಿದೆ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಂಥ ಕಲ್ಲನ್ನು ಅರೆದರೆ ಸುಣ್ಣ, ಮೆಗ್ನೀಸಿಯಂ, ಕಬ್ಬಿಣ ಧಾರಾಳ, ಆದರೆ ಸಾವಯವ ಇಂಗಾಲ ಸೊನ್ನೆ. ಎಕರೆಯ ಮೇಲ್ಮಣ್ಣಿಗೆ ಶೇಕಡಾ ಅರ್ಧ ಇಂಗಾಲ ಬೇಕೆಂದರೆ 4,500 ಕೆ.ಜಿ. ಹಾಕಿದ ಸೊಪ್ಪು ದಂಟಿನ ಇಂಗಾಲದಲ್ಲಿ ಬಹುಪಾಲು ಗಾಳಿಗೆ ಮರಳುತ್ತದೆ, ಏಳನೇ ಒಂದು ಪಾಲು ಮಣ್ಣಲ್ಲಿ ನಿಂತರೆ ಹೆಚ್ಚು. ಹಾಗಾಗಿ ಎಕರೆಗೆ 70 ಟನ್ ಒಣ ಸೊಪ್ಪು ಮುರಿಯಬೇಕು. ಬೆಳೆಗೆ ಮೂರೂವರೆ ಟನ್ನಿನಂತೆ 20 ಬೆಳೆ, ಅಂದರೆ ಹತ್ತು ವರ್ಷ ಹುರುಳಿ, ಸೆಣಬು ಬಿತ್ತಿ ಹೂವಿಗೆ ಬಂದಾಗ ಉಳುವುದೇ ಕೆಲಸ, ಒಂದು ಕಾಳೂ ಕಣಕ್ಕೆ ಬರುವುದಿಲ್ಲ. ಮೊದಲ ತಲೆಮಾರಿನ ಹಟ ಅಲ್ಲಿ ಕಾಣಬೇಕು. ಬೇರಿನ ಗಂಟು ಕಟ್ಟುವ ರೈಜೋಬಿಯಂ ಅಣುಜೀವಿಯನ್ನು ಭೂಮಿಯಿಂದಲೇ ಒಯ್ದು ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಹಚ್ಚದಿದ್ದರೆ ಹುರುಳಿಯೂ ಹಳದಿಯಾಗುತ್ತದೆ.

ಕಡಿಮೆ ಗುರುತ್ವದಲ್ಲಿ ಮೊದಲು ಕೈಕೊಡುವುದು ನೀರಾವರಿ. ಭೂಮಿಯಲ್ಲಿ 10 ಮೀಟರ್ ಎತ್ತರದ ಟ್ಯಾಂಕು ಹನಿ ನೀರಾವರಿಗೆ ಬೇಕಾದ ಸುಮಾರು 1 ಬಾರ್ ಒತ್ತಡ ಕೊಡುತ್ತದೆ, ಅಲ್ಲಿ 0.6 ಮಾತ್ರ. ಟ್ಯಾಂಕನ್ನು 17 ಮೀಟರಿಗೆ ಏರಿಸಬೇಕು. ಭದ್ರಾ ಕಾಲುವೆಯ ಅಳತೆಯಲ್ಲೇ ಕಾಲುವೆ ತೋಡಿದರೆ ಮುಕ್ಕಾಲು ಪಾಲು ನೀರು ಹರಿಯುತ್ತದೆ, ಮೊದಲಿನಷ್ಟು ಹರಿಯಲು ಇಳಿಜಾರು ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಬೇಕು. ಮಣ್ಣಿನೊಳಗೂ ಇದೇ ಕಥೆ. ನೀರು ಬೇಗ ಬಸಿಯುವುದಿಲ್ಲ, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಆದ್ದರಿಂದ ಇಲ್ಲಿ 15 ಸೆಂ.ಮೀ. ಬೋದು ಸಾಕಾದಲ್ಲಿ ಅಲ್ಲಿ 25. ಕುಂಟೆ ತೇಲುತ್ತದೆ, ಮೇಲೆ ಇಡುವ ಕಲ್ಲು ದೊಡ್ಡದಾಗಬೇಕು. ಟ್ರಾಕ್ಟರಿನ ಚಕ್ರ ಜಾರುತ್ತದೆ, ತೂಕ ಹೇರಬೇಕು. ಕಣದಲ್ಲಿ ತೂರುವಾಗ ಮಾತ್ರ ಸುಖ. ಎರಡು ಮೀಟರ್ ಎತ್ತರದಿಂದ ಕಾಳು ಬೀಳಲು ಭೂಮಿಯಲ್ಲಿ 0.64 ಸೆಕೆಂಡ್, ಅಲ್ಲಿ 0.82. ಅಷ್ಟರಲ್ಲಿ ಸಣ್ಣ ಗಾಳಿಯೂ ಹೊಟ್ಟನ್ನು ದೂರ ಒಯ್ಯುತ್ತದೆ.

ಬೀಜ ಮೊಳೆಯುತ್ತದೋ ಇಲ್ಲವೋ ಎಂದು ಪುಟ ತುಂಬಿಸಬೇಡಿ. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ ಸಿ60ರ ಕೊನೆಯ ಹಂತದಲ್ಲಿ ಇಸ್ರೋದ ಅಲಸಂದೆ ಬೀಜ ನಾಲ್ಕೇ ದಿನದಲ್ಲಿ ಮೊಳೆತಿತ್ತು, 2025ರಲ್ಲಿ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣದಲ್ಲಿ ಧಾರವಾಡದ ಪ್ರಯೋಗಕ್ಕಾಗಿ ಹೆಸರು, ಮೆಂತ್ಯ ಮೊಳೆಯಿಸಿದರು. ಸೂರ್ಯಕಾಂತಿ ಬೇಡ, ಜೇನಿಲ್ಲದೆ ಕಾಳು ಜೊಳ್ಳು. ರಾಗಿ, ಶೇಂಗಾ ತಾವೇ ಫಲ ಕಟ್ಟುತ್ತವೆ, ಮೆಕ್ಕೆಜೋಳಕ್ಕೆ ಗಾಳಿ ಸಾಕು.

ಕೊನೆಗೆ, ಚಳಿಯಲ್ಲ, ರಂಜಕ ಎಂದು ನಿಮ್ಮ ಪಾತ್ರ ತೋರಿಸಿಕೊಡುವ ಬಗೆ. ಸ್ಟ್ರುವೈಟ್ ಆ ಪಾತ್ರಕ್ಕೆ ಎಲ್ಲಿ ಸಿಗಬೇಕು? ಹಳೆಯ ಶೌಚದ ಕೊಳವೆಗಳಲ್ಲಿ. ಮೂತ್ರ ಹರಿಯುವ ಪೈಪಿನ ಒಳಮೈಗೆ, ತಿರುವುಗಳಲ್ಲಿ, ಅದು ಬಿಳಿ ಗಾರೆಯಂತೆ ಕಟ್ಟಿಕೊಳ್ಳುತ್ತದೆ, ಭೂಮಿಯಲ್ಲೂ ಪೈಪು ಕಟ್ಟುವುದಕ್ಕೆ ಇದೊಂದು ಮುಖ್ಯ ಕಾರಣ. ಕೆರೆದು, ಒಣಗಿಸಿ, ಪುಡಿ ಮಾಡಲಿ. ಹತ್ತಡಿ ಉದ್ದ, ಹತ್ತಡಿ ಅಗಲದ ಮೂರು ಮಡಿ ಬೇಕು. ಮೊದಲನೆಯದಕ್ಕೆ 800 ಗ್ರಾಂ ಪುಡಿ, ಬೀಜದ ಸಾಲಿನ ಕೆಳಗೆ ಎರಡು ಇಂಚಿಗೆ. ಈ ಪ್ರಮಾಣ ಎಕರೆಯ ವಾರ್ಷಿಕ ನಷ್ಟದ ಮೂರು ಪಟ್ಟು, ಮಣ್ಣು ಕಚ್ಚಿಕೊಳ್ಳುವ ಪಾಲನ್ನೂ ಲೆಕ್ಕ ಹಿಡಿದು. ಎರಡನೆಯದಕ್ಕೆ 100 ಗ್ರಾಂ ಯೂರಿಯಾ ಮಾತ್ರ. 800 ಗ್ರಾಂ ಸ್ಟ್ರುವೈಟಿನಲ್ಲಿರುವ ಸಾರಜನಕ ಅಷ್ಟೇ, ಹಾಗಾಗಿ “ಸಾರಜನಕದಿಂದ ಹಸಿರಾಯಿತು” ಎಂಬ ವಾದಕ್ಕೆ ಜಾಗ ಉಳಿಯುವುದಿಲ್ಲ. ಮೂರನೆಯದಕ್ಕೂ 100 ಗ್ರಾಂ ಯೂರಿಯಾ, ಜೊತೆಗೆ ರಾತ್ರಿಯಿಡೀ ಕಂಬಳಿಯ ಹೊದಿಕೆ. ಚಳಿಯೇ ಕಾರಣವಾಗಿದ್ದರೆ ಈ ಮಡಿ ಹಸಿರಾಗಬೇಕು. ಏಳನೇ ಎಲೆ ಬಿಚ್ಚುವ ಹೊತ್ತಿಗೆ ಮೊದಲ ಮಡಿ ಮಾತ್ರ ಹಸಿರಾಗಿ, ಕಂಬಳಿ ಹೊದ್ದದ್ದೂ ನೇರಳೆಯಾಗಿಯೇ ನಿಂತಿರುತ್ತದೆ. ಮೂರೂ ಮಡಿಗೆ ಒಂದೇ ಚೀಲದ ಬೀಜ, ಒಂದೇ ದಿನದ ಬಿತ್ತನೆ, ಒಂದೇ ಅಳತೆಯ ನೀರು ಇರಲಿ. ಇಲ್ಲದಿದ್ದರೆ ಹಿರಿಯರು ಬೀಜದ ಮೇಲೆ ಹಾಕಿ ಎದ್ದು ಹೋಗುತ್ತಾರೆ.